ಟೆಂಪೋ ಮಾಮಾನ ಮ್ಯಾಲಿನ ದೂರು

ಮೂರು ಗಾಲಿ, ಹದಿನೇಳು ತಲಿ, ಇಪ್ಪತ್ತೊಂದು ಕಾಲು. ದಿನಕ್ಕ ಹದಿನಾಲ್ಕು ಸಲ ಸಾಯತೈತಿ, ಹದಿನಾಲ್ಕು ಸಲ ಹುಟ್ಟತೈತಿ. ಏನದು, ಹೇಳ್ರಿ ನೋಡೂಣು?

ಎಷ್ಟ ಸಾಲಿ ಕಲ್ತಿದ್ರೂ ನಿಮಗ ಬರೂದಿಲ್ಲ, ಯಾಕಂದ್ರ ನೀವು ಅದರಾಗ ಕುಂತಿಲ್ಲ. ಅದು ತಿಕೋಟಾದಿಂದ ವಿಜಾಪುರಕ್ಕ ಹೋಗೋ ನಮ್ಮ ಟೆಂಪೋ. ಉಳಿದ ಹದಿಮೂರು ಕಾಲು ಹೊರಗ ಜೋತಾಡತಿರ್ತಾವ. ಅದರಾಗ ಹತ್ತಿದವರಿಗೆ ಏನರ ಒಂದು ಆಗದ ದಿನಾನ ಇಲ್ಲ. ಆರನೇತ್ತಾ ಎರಡ ಸಲ ನಪಾಸಾಗಿ ಮನ್ಯಾಗ ಕುಂತಾಂವ ನಾನು. ಅಂಥಾವೆಲ್ಲಾ ನೋಡಿ ನಗೂದ ನನ್ನ ಉದ್ಯೋಗ.

೧. ಬೆಣ್ಣಿ ಗಡಿಗಿ

ಡ್ರೈವರನ್ನ ಊರೆಲ್ಲಾ ಮಾಮಾ ಅಂತೈತಿ. ಸೆರೆ ಕುಡಿಯೂದಿಲ್ಲ, ಬೈಯೂದಿಲ್ಲ. ಅಂವಗ ಇರೋದು ಒಂದ ಚಟ, ಭಕ್ತಿ. ಗುಡಿ ಬಂದ್ರ ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗೀತಾನ. ದರ್ಗಾ ಬಂದ್ರ ಸ್ಟೇರಿಂಗ್ ಬಿಟ್ಟು ಎದಿ ಮುಟ್ಟಿ ಸಲಾಮ ಹೊಡೀತಾನ. ಕಣ್ಣೂ ಮುಚ್ಚತಾನ. ದಾರ್‍ಯಾಗ ಗುಡಿ, ದರ್ಗಾ ಕೂಡಿ ಏಳು, ಹೋಗಿ ಬಂದ್ರ ಹದಿನಾಲ್ಕು.

ನಮ್ಮ ಆಯಿ, ಅಂದ್ರ ನಮ್ಮಪ್ಪನ ಅವ್ವ, ಪ್ರತಿ ಐತವಾರ ಬೆಣ್ಣಿ ಮಾರಾಕ ವಿಜಾಪುರಕ್ಕ ಹೋಗ್ತಾಳ. ಒಂದ ಐತವಾರ ಹಣಮಪ್ಪನ ಗುಡಿ ತಿರುವಿನ್ಯಾಗ ಮಾಮಾ ಕೈ ಮುಗಿದ, ಟೆಂಪೋ ಗಟಾರಕ್ಕ ಇಣಿಕಿ ಹಾಕಿ ವಾಪಸ್ ಬಂತು. ಆಯಿ ಗಡಿಗಿ ಹಾರಿ ಸಾಲಿ ಮಾಸ್ತರ ತಲಿ ಮ್ಯಾಲ ಬೋರಲ ಬಿತ್ತು. ಮಾಸ್ತರು ಕಿವಿಯಾಗಿನ ಬೆಣ್ಣಿ ತಗಕೋತ ಚೀರಿದ್ರು: "ಏನೋ ಇದು?"

ಮಾಮಾ ಹೊಳ್ಳಿ ನೋಡಿ, ಮತ್ತ ಕೈ ಮುಗಿದು ಅಂದ: "ದೇವರ ದಯಾ ನೋಡ್ರಿ ಮಾಸ್ತರ. ಇಂಥಾ ಬಿಸಲಾಗ ತಲಿ ತಂಪಾತು."

೨. ಸಹಿ ಹಾಕೋರು ಯಾರು

ನಾ ನಕ್ಕೆ ಖರೆ, ಆದ್ರ ಆ ರಾತ್ರಿ ನಿದ್ದಿ ಬರಲಿಲ್ಲ. ಗಡಿಗಿ ಬದಲಿ ಆಯೀನ ಹಾರಿದ್ರ? ನನಗ ರೊಟ್ಟಿ ಮ್ಯಾಲ ಬೆಣ್ಣಿ ಹಚ್ಚಿ ಕೊಡೋರು ಯಾರು? ಮುಂಜಾನೆ ಎದ್ದು ಪೊಲೀಸ್ ಫೌಜದಾರ ಸಾಹೇಬ್ರಿಗೆ ಒಂದು ದೂರು ಬರದೆ. "ಡ್ರೈವರ್ ಸ್ಟೇರಿಂಗ್ ಬಿಟ್ಟು ಕೈ ಮುಗೀತಾನ್ರಿ. ಬಂದೋಬಸ್ತ ಮಾಡ್ರಿ." ಸಹಿ ಕೇಳಾಕ ಊರಾಗ ಹೊಂಟೆ.

ಮಾಸ್ತರು ಇನ್ನೂ ಬೆಣ್ಣಿ ವಾಸನಿ ಹೊಡ್ಯಾಕತ್ತಿದ್ರು. "ನಂದು ಸರಕಾರಿ ನೌಕರಿ, ಹೆಸರು ಬ್ಯಾಡೋ" ಅಂದ್ರು. ಕಾಲೇಜು ಹುಡುಗರ ಅವ್ವಂದಿರು ನನ್ನ ಮ್ಯಾಲೇ ಏರಿ ಬಂದ್ರು: "ಅಂವನ್ನ ಹಿಡದು ಒಳಗ ಹಾಕಿದ್ರ ನಮ್ಮ ಹುಡುಗರಿಗೆ ವಿಜಾಪುರಕ್ಕ ರೊಟ್ಟಿ ಬುತ್ತಿ ಯಾರು ಒಯ್ತಾರ, ನೀ ಒಯ್ತಿಯೇನ?"

ಆಯೀನೂ ಹಂಗ ಅಂದಳು. "ಊರ ಉಸಾಬರಿ ನಿನಗ್ಯಾಕೋ ಬಾಡ್ಯಾ? ದೇವರಿಗೆ ಕೈ ಮುಗದಾನಂತ ಫಿರ್ಯಾದಿ ಕೊಟ್ರ ಆ ದೇವರು ಸುಮ್ಮನ ಬಿಡತಾನ?"

ಕಟ್ಟಿ ಮ್ಯಾಲ ಕುಂತಿದ್ದ ಒಬ್ಬ ಮುತ್ಯಾ ಮಾತ್ರ ಏನೂ ಕೇಳದ ಹೆಬ್ಬೆಟ್ಟು ಒತ್ತಿದ.

"ಏನ ಬರದೈತಿ ಅಂತ ಕೇಳೂದಿಲ್ಲೇನ ಮುತ್ಯಾ?"

"ಕೇಳಿ ಏನ ಮಾಡ್ಲಿ? ಯಾರ ಬಂದ್ರೂ ಒತ್ತೂದ ನಮ್ಮ ಕೆಲಸ."

ಊರಿಗೆಲ್ಲಾ ಗಟ್ಟಿ ಎದಿ ಇದ್ದಾಂವ ಇಂವ ಒಬ್ಬನ ಅಂತ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆಮ್ಯಾಲ ತಿಳೀತು, ಆ ಮುತ್ಯಾ ಮಾಮಾನ ಅಪ್ಪ.

೩. ದೂರು ಹೊಂಟಿತು

ಚಾದಂಗಡಿ ಚಾಚಾ ನಾಳೆ ವಿಜಾಪುರಕ್ಕ ಹೊಂಟಾನಂತ ಗೊತ್ತಾತು. "ಇದನ್ನ ಫೌಜದಾರ ಸಾಹೇಬ್ರಿಗೆ ಮುಟ್ಟಸು ಚಾಚಾ" ಅಂತ ಕಾಗದಾ ಕೊಟ್ಟೆ. ಚಾಚಾನ ಪಯಣ ರದ್ದಾತು. ನಮ್ಮೂರಾಗ ವಿಜಾಪುರಕ್ಕ ಔಷಧ ಇರಲಿ, ಬುತ್ತಿ ಇರಲಿ, ಕಳಸೂದು ಒಬ್ಬನ ಕೈಯಾಗ. ಚಾಚಾ ಕಾಗದಾನ ಮಾಮಾನ ಕೈಯಾಗ ಕೊಟ್ಟುಬಿಟ್ಟ.

ಮಾಮಾಗ ಓದಾಕ ಬರೂದಿಲ್ಲ. ಮುಂದಿನ ಐತವಾರ ಆಯಿ ಜೋಡಿ, ಆಕಿ ಗಡಿಗಿ ಹೊತಕೊಂಡು ನಾನು ಸ್ಟ್ಯಾಂಡಿಗೆ ಬಂದಿದ್ದೆ. ಮಾಮಾ ಕರೆದ: "ಬಾರಲೇ ಇಲ್ಲಿ. ಇದನ್ನ ಪೊಲೀಸರಿಗೆ ಕೊಡು ಅಂದಾರ. ಒಳಗ ಏನರ ಲಫಡಾ ಇದ್ರ ನನ್ನ ಕುತ್ತಿಗಿಗೆ ಬರತೈತಿ. ನೀ ಆರನೇತ್ತಾ ತನಕ ಕಲ್ತಾಂವ, ಜೋರಾಗಿ ಓದು."

ಹದಿನಾರು ತಲಿ ನನ್ನ ಕಡೆ ತಿರುಗಿದ್ವು. ಆಯಿ ಕಣ್ಣಾಗ ಬೆಂಕಿ. ಕಾಗದಾ ಬಿಚ್ಚಿ, ಬರದದ್ದು ಬಿಟ್ಟು ಬಾಯಿಗೆ ಬಂದದ್ದು ಓದಿದೆ:

"ಫೌಜದಾರ ಸಾಹೇಬ್ರಿಗೆ, ದಾರ್‍ಯಾಗಿನ ಏಳೂ ದೇವರು ಮಾಡುವ ತಕರಾರು. ಈ ಡ್ರೈವರ್ ನಮ್ಮ ಮುಂದ ನಿಂದ್ರೂದಿಲ್ಲ. ಓಡಿಕೋತ ಕೈ ಮುಗೀತಾನ. ಬೀಗರು ಎದುರಿಗೆ ಬಂದಾಗ ಯಾರರ ಓಡಿಕೋತ ರಾಮ್ ರಾಮ್ ಅಂತಾರೇನ? ನಮಗ ಅಪಮಾನ ಆಗೈತಿ."

ಮಾಮಾನ ಕಣ್ಣಾಗ ನೀರು ಬಂತು. "ತಪ್ಪಾತಪಾ! ಹದಿನೈದು ವರ್ಷ ದೇವರನ್ನ ದಾರಿಹೋಕರಂಗ ನೋಡಿದ್ನಲ್ಲೋ!" ಆದ್ರ ಏಳು ಕಡೆ ನಿಂತ್ರ ಹೊತ್ತಾಗತೈತಲ್ಲ? ಮಾಮಾ ಚಿಂತಿಗೆ ಬಿದ್ದ. ಆಗ ಆಯಿ ಗಡಿಗಿ ನನ್ನ ತೊಡಿ ಮ್ಯಾಲ ಇಟ್ಟು, ಮುಂದಿನ ಸೀಟಿಗೆ ಹೋಗಿ ಕುಂತಳು. "ನೀ ಕೈ ಮುಗಿಯೋತನಾ ಸ್ಟೇರಿಂಗ್ ನಾ ಹಿಡೀತೇನಿ, ನಡಿ."

ಹಣಮಪ್ಪನ ಗುಡಿ ಬಂತು. ಮಾಮಾ ಸ್ಟೇರಿಂಗ್ ಆಯಿ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಕೈ ಮುಗಿದ. ಸ್ಟೇರಿಂಗ್ ಹಿಡಿದ ಆಯಿ ಗುಡಿ ನೋಡಿದಳು. "ಯಪ್ಪಾ ಹಣಮಪ್ಪಾ!" ಅಂತ ತಾನೂ ಎರಡೂ ಕೈ ಎತ್ತಿ ಮುಗಿದಳು.

ಮುಂದ ಏನಾತು ಅಂತ ಕೇಳಬ್ಯಾಡ್ರಿ. ಆಯಿ ಮುಂದ ಹೋಗಿ ಕುಂತಳು ಅನ್ನೂದರಿಂದ ಹಿಡಿದು ಎಲ್ಲಾ ನಾ ಹುಟ್ಟಿಸಿದ ಸುಳ್ಳು. ಖರೇ ಅಂದ್ರ ಮಾಮಾ ಈಗ ಏಳೂ ಕಡೆ ಟೆಂಪೋ ನಿಂದ್ರಿಸಿ, ಕೆಳಗ ಇಳದು, ಚಪ್ಪಲಿ ಬಿಟ್ಟು ನಮಸ್ಕಾರ ಮಾಡತಾನ. ಆಯಿ ಹುಷಾರಾಗಿ ವಿಜಾಪುರ ಮುಟ್ಟತಾಳ, ಬೆಣ್ಣಿ ಮಾತ್ರ ಬಿಸಲಿಗೆ ಕರಗಿ ಎಣ್ಣಿ ಆಗಿರತೈತಿ. ಟೆಂಪೋ ಭಾಳ ಸಾವಕಾಶ ಹೋಗತೈತಂತ ಇನ್ನೊಂದು ದೂರು ಬರದು ಕೊಡು ಅಂತ ಮಾಸ್ತರು ನನ್ನ ಬೆನ್ನ ಹತ್ಯಾರ.

ಆದ್ರ ಬೆಣ್ಣಿ ಕರಗಿದ್ದಕ್ಕ ನೀವು ನಗತಿದ್ರೇನು? ಅದಕ್ಕ ಆಯಿ ಕೈಗೆ ಸ್ಟೇರಿಂಗ್ ಕೊಟ್ಟೆ. ಇದನ್ನ ಮತ್ತ ಯಾರೂ ಹೋಗಿ ಆಕಿಗೆ ಹೇಳಬ್ಯಾಡ್ರಿ. ಊರ ಉಸಾಬರಿ ನಿಮಗ್ಯಾಕ?