ಸೊಂಟದ ಕೆಳಗೊಂದು ಪವಿತ್ರ ಮೂಳೆ

ರಾಜಾಜಿನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಕೊಂಡಿದೀನಿ. ನೋವು ಅಂತ ಬರೋರೇ ನನ್ನನ್ನ ನಗಿಸಿ ಹೋಗ್ತಾರೆ, ವಾರಕ್ಕೊಬ್ಬರಾದ್ರೂ. ಅದರಲ್ಲಿ ಒಬ್ಬರದ್ದು ಮಾತ್ರ ಹೇಳ್ತೀನಿ, ಉಳಿದವರು ಬೇಜಾರು ಮಾಡ್ಕೋಬಾರದು.

೧. ಅರ್ಥ

ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸಿ ರಿಟೈರ್ ಆದ ಯಜಮಾನರು ಹೆಂಡತಿ ಜೊತೆ ಬಂದರು. ಮೂರು ತಿಂಗಳಲ್ಲಿ ಮಗಳ ಮದುವೆ. ಧಾರೆಗೆ ಮಣೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಅವರಿಗೋ ಸೊಂಟನೋವಿಗೆ ಐದು ನಿಮಿಷ ಕೂರೋಕಾಗಲ್ಲ. ಕುರ್ಚಿ ಹಾಕಿಸಿ ಅಂದೆ. ಯಜಮಾನರ ಕಣ್ಣಲ್ಲಿ ನೀರು ಬಂತು.

"ಒಬ್ಬಳೇ ಮಗಳು, ಡಾಕ್ಟರಮ್ಮ. ಮಣೆ ಮೇಲೆ ಕೂತೇ ಧಾರೆ ಎರೀಬೇಕು."

ರಿಪೋರ್ಟಿನಲ್ಲಿದ್ದ 'ಸೇಕ್ರಲ್' ಅಂದ್ರೇನು ಅಂತ ಹೆಂಡತಿ ಕೇಳಿದರು. ಬೆನ್ನುಮೂಳೆಯ ಬುಡದಲ್ಲಿರೋ ತ್ರಿಕೋನ ಮೂಳೆಗೆ ಸೇರಿದ್ದು ಅಂದೆ. ಲ್ಯಾಟಿನ್‌ನಲ್ಲಿ ಅದಕ್ಕೆ ಪವಿತ್ರ ಮೂಳೆ ಅಂತಲೇ ಹೆಸರು. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಬಲಿ ಕೊಡುವಾಗ ದೇವರಿಗೆ ಸಲ್ಲುತ್ತಿದ್ದ ಭಾಗ ಇರಬಹುದು ಅಂತಾರೆ, ಅಂತಲೂ ಹೇಳಿದೆ. ಆಯಮ್ಮ ಗಂಡನನ್ನ ಮೇಲಿಂದ ಕೆಳಗೆ ನೋಡಿದರು.

"ಸದ್ಯ, ಇವರಲ್ಲಿ ಪವಿತ್ರವಾದ್ದು ಒಂದಾದ್ರೂ ಇದೆಯಲ್ಲ."

೨. ಮಡಿ

ಯಜಮಾನರು ಪವಿತ್ರ ಅನ್ನೋ ಆ ಮಾತನ್ನ ಗಂಭೀರವಾಗಿ ತಗೊಂಡುಬಿಟ್ಟರು. ಸ್ನಾನ ಆಗಬೇಕು, ಮಡಿಪಂಚೆ ಉಡಬೇಕು, ಪೂರ್ವಕ್ಕೆ ಮುಖ ಮಾಡಬೇಕು, ಆಮೇಲೇ ನಾನು ಹೇಳಿಕೊಟ್ಟ ವ್ಯಾಯಾಮ. ಅದು ಮುಗಿಯೋವರೆಗೂ ಮನೇಲಿ ಯಾರಿಗೂ ಕಾಫಿ ಇಲ್ಲ ಅಂತ ಹೆಂಡತಿ ಫೋನ್ ಮಾಡಿ ಗೋಳು ಹೇಳ್ಕೊಂಡರು. ಆದ್ರೆ ಒಂದು ದಿನವೂ ತಪ್ಪಿಸಲಿಲ್ಲ ಪುಣ್ಯಾತ್ಮ. ಎರಡನೇ ತಿಂಗಳಿಗೆ ಇಪ್ಪತ್ತು ನಿಮಿಷ ಕೂತರು. ನನಗಂತೂ ಹೊಟ್ಟೆ ತುಂಬಿತು. ಅಂದಿನಿಂದ ವ್ಯಾಯಾಮಕ್ಕೆ ಚಕ್ಕರ್ ಹೊಡೆಯೋರಿಗೆಲ್ಲ ಮೊದಲು ಲ್ಯಾಟಿನ್ ಕೊಡ್ತೀನಿ, ಆಮೇಲೆ ಮುಲಾಮು.

೩. ಆಯುಧಪೂಜೆ

ಹಬ್ಬದ ದಿನ ನಮ್ಮ ಮೆಷಿನ್‌ಗಳಿಗೆ ಪೂಜೆ ನಾನೇ ಮಾಡ್ತೀನಿ ಅಂತ ಅವರೇ ಬಂದರು. ಜೀವನಪೂರ್ತಿ ಲೇತ್ ಪೂಜೆ ಮಾಡಿದ ಕೈ ಅಲ್ವಾ. ಮೂಲೆಯಲ್ಲಿ ನೇತಾಡ್ತಿದ್ದ ಪ್ಲಾಸ್ಟಿಕ್ ಅಸ್ಥಿಪಂಜರವನ್ನೂ ಬಿಡಲಿಲ್ಲ. ಹಣೆಗೆ, ಸೊಂಟದ ಮೂಳೆಗೆ ಕುಂಕುಮ, ಕುತ್ತಿಗೆಗೆ ಚೆಂಡುಹೂವಿನ ಹಾರ. ಮಾರನೇ ದಿನ ಹೊಸದಾಗಿ ಬಂದ ಆಂಟಿಯೊಬ್ಬರು ಅದರ ಮುಂದೆ ನಿಂತು ಕೈಮುಗಿದು, ಮೆಲ್ಲಗೆ ಕೇಳಿದರು.

"ಮುಂಚೆ ಇದ್ದ ಡಾಕ್ಟ್ರಾ?"

೪. ಧಾರೆ

ಮದುವೆಗೆ ನಾನೂ ಹೋಗಿದ್ದೆ. ಯಜಮಾನರು ಮಣೆ ಮೇಲೆ ಕೂತರು. ಅರ್ಧ ಗಂಟೆ ಆಯ್ತು, ಮುಕ್ಕಾಲು ಆಯ್ತು. ಧಾರೆ ಮುಗೀತು. ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ನಾನು ಅತ್ತೇ ಬಿಟ್ಟೆ.

ಏಳೋಕಾಗದೇ ಹೋಗಿದ್ದು ಮದುಮಗ. ದಿನಾ ಜಿಮ್‌ಗೆ ಹೋಗೋ ಹುಡುಗ, ಕಾಲು ಜೋಮು ಹಿಡಿದು, ಸೊಂಟ ಹಿಡಿದು ಅಲ್ಲೇ ಕೂತಿದ್ದ. ಮಾವ ಬಗ್ಗಿ ತೋಳು ಹಿಡಿದು, ಥೇಟ್ ನನ್ನ ದನಿಯಲ್ಲೇ, ಒಂದು ಪಕ್ಕಕ್ಕೆ ವಾಲಿ, ಉಸಿರು ಬಿಡಿ ಅಂತ ಹೇಳಿಕೊಟ್ಟು ಎಬ್ಬಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಡಾಕ್ಟರಮ್ಮ, ಅಳಿಯಂದ್ರಿಗೂ ಒಂದು ಟೈಮ್ ಕೊಡಿ."

ಪುರೋಹಿತರು ಮೈಕ್ ಆಫ್ ಮಾಡಿರಲಿಲ್ಲ. ಇಡೀ ಛತ್ರಕ್ಕೆ ಕೇಳಿಸ್ತು:

"ಅವರು ನಿಧಾನಕ್ಕೆ ಬರಲಿ ತಾಯಿ. ಮೊದಲು ನನ್ನನ್ನ ಎಬ್ಬಿಸಿ."