ಮೀನಿನ ಮಡಿ

ಆಗ ನನಗೆ ಎಪ್ಪತ್ತೊಂದು ವರ್ಷ. ಆರು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಮಡಿ ಅನ್ನುವುದು ನನ್ನ ಪಾಲಿಗೆ ಮುಗಿದುಹೋದ ವ್ಯವಹಾರ. ಹದಿನೇಳಕ್ಕೆ ಮದುವೆಯಾಗಿ ತುಮಕೂರಿನಲ್ಲಿ ನಮ್ಮತ್ತೆಯ ಮನೆ ಹೊಕ್ಕಾಗಿನಿಂದ ಅವರು ಕಣ್ಣು ಮುಚ್ಚುವವರೆಗೂ ಅದನ್ನು ಮುಟ್ಟಬೇಡ, ಇದನ್ನು ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟಬೇಡ, ಆ ಬಿಂದಿಗೆ ಬೇರೆ, ಈ ಚೊಂಬು ಬೇರೆ ಎಂದು ಕೇಳಿ ಕೇಳಿ, ನನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಒಗೆದ ಸೀರೆಯನ್ನು ಸೂರಿನ ಹತ್ತಿರ ಕಟ್ಟಿದ್ದ ಗಳದ ಮೇಲೆ ಒಣಹಾಕಿ, ಬೆಳಿಗ್ಗೆ ಸ್ನಾನವಾದ ಮೇಲೆ ಕೋಲಿನಿಂದ ಎಳೆದುಕೊಂಡು ಉಡಬೇಕಿತ್ತು. ಉಟ್ಟ ಮೇಲೆ ಮಗು ಅತ್ತುಕೊಂಡು ಬಂದರೂ ಎತ್ತುವಂತಿಲ್ಲ. ‘ದೂರ ನಿಲ್ಲು, ಮುಟ್ಟಬೇಡ’ ಅನ್ನಬೇಕು. ಅತ್ತೆ ಹೋದ ವರ್ಷವೇ ಆ ಗಳವನ್ನು ಇಳಿಸಿ ಹಿತ್ತಲಿನ ಅವರೆ ಬಳ್ಳಿಗೆ ಊರಿದೆ. ಬಳ್ಳಿ ಸೊಗಸಾಗಿ ಹಬ್ಬಿತು. ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದ ಮೇಲಂತೂ ಈ ಜನ್ಮಕ್ಕೆ ಮಡಿಯ ಕಾಟ ತೀರಿತು ಅಂದುಕೊಂಡಿದ್ದೆ. ಅದು ಗಾಜಿನ ಪೆಟ್ಟಿಗೆಯೊಳಗೆ ಕೂತು ಮತ್ತೆ ಮನೆಗೆ ಬರುತ್ತದೆಂದು ಯಾರು ಕಂಡಿದ್ದರು?

ಮಗಳು ಸುಧಾ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯಂದಿರು ನಾವಿದ್ದ ಊರು ಮ್ಯಾಕಲ್ಸ್‌ಫೀಲ್ಡಿನಲ್ಲೇ ಮಾತ್ರೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಇಬ್ಬರೂ ಯಾವಾಗ ಮನೆಯಲ್ಲಿರುತ್ತಾರೆ ಅನ್ನುವುದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ ರೋಟಾ ಅನ್ನುವ ಡ್ಯೂಟಿ ಪಟ್ಟಿ ಒಂದೇ ಬಲ್ಲದು. ಮೊಮ್ಮಗಳು ಮೇಘನಾಗೆ ಹನ್ನೊಂದು. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಬೈಸಿಕೊಳ್ಳುತ್ತಾಳೆ, ಅಷ್ಟರಲ್ಲಿ ನಮ್ಮ ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು. ಅವಳಿಗೆ ಸ್ಕೂಲಿನಲ್ಲಿ ಯಾರೋ ಟೀಚರು ಭೂಮಿ, ನೀರು, ಗಾಳಿ ಕೆಡುತ್ತಿವೆ ಅಂತ ಹೇಳಿಕೊಟ್ಟರಂತೆ. ಅವತ್ತಿನಿಂದ ಹುಡುಗಿ ದೀಪ ಆರಿಸುತ್ತ ನನ್ನ ಹಿಂದೆ ಹಿಂದೆಯೇ ತಿರುಗತೊಡಗಿದಳು. ಆಮೇಲೆ ಮೀನು ಸಾಕುತ್ತೇನೆ ಅಂದಳು. ಸಾಕಿದರೆ ಭೂಮಿಗೆ ಭಾರವಾಗದ ಹಾಗೆ ಸಾಕಬೇಕು ಅಂದಳು. ನಾನು ಐದು ಮಕ್ಕಳನ್ನು ಸಾಕಿದವಳು, ಭೂಮಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಹೊಸ ತೊಟ್ಟಿ ಕೂಡದಂತೆ. ಪಕ್ಕದ ಬೀದಿಯಲ್ಲಿ ಯಾರೋ ಬೇಡವೆಂದು ಹೊರಗಿಟ್ಟಿದ್ದ ಗಾಜಿನ ತೊಟ್ಟಿಯನ್ನು ಅಳಿಯಂದಿರು ಹೊತ್ತು ತಂದರು. ಹೊಳೆಯಿಂದಲೋ ಸಮುದ್ರದಿಂದಲೋ ಹಿಡಿದು ತಂದ ಮೀನು ಕೂಡದು, ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದೇ ಆಗಬೇಕು. ನೀರು ಬಿಸಿ ಮಾಡಲು ಕರೆಂಟು ಸುಡಬಾರದು, ಹಾಗಾಗಿ ತಣ್ಣೀರಲ್ಲೇ ಇರುವ ಕೆಂಪು ಮೀನು. ಮೂರೇ ಮೂರು. ನಾಲ್ಕನೆಯದು ತರೋಣ ಅಂದರೆ ಜಾಗ ಸಾಲದು ಅಂದಳು. ತುಮಕೂರಿನಲ್ಲಿ ಅಷ್ಟು ಜಾಗದಲ್ಲಿ ನಮ್ಮ ಮನೆಯ ಮಕ್ಕಳೆಲ್ಲ ಮಲಗುತ್ತಿದ್ದವು. ಆಮೇಲೆ ಶುರುವಾಯಿತು ನೋಡಿ. ಕೆಂಪು ಬಕೆಟ್ ಮೀನಿನದು, ಬೇರೆಯದಕ್ಕೆ ಮುಟ್ಟುವಂತಿಲ್ಲ. ಅದರ ಮಗ್ಗು ಬೇರೆ, ಬಟ್ಟೆ ಬೇರೆ. ನಲ್ಲಿ ನೀರನ್ನು ಒಂದು ದಿನ ಇಟ್ಟು, ಔಷಧಿಯ ಹನಿ ಬಿಟ್ಟು, ಆಮೇಲೆ ಸುರಿಯಬೇಕು. ಕೊಳೆ ಹೀರುವ ಸ್ಪಂಜನ್ನು ನಲ್ಲಿಯಡಿ ತೊಳೆಯುವಂತಿಲ್ಲ, ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಬೇಕು. ಕತ್ತರಿಸಿದ ಪಾಚಿಯನ್ನು ಮೋರಿಗೆ ಹಾಕುವಂತಿಲ್ಲ, ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಊಟ ಒಂದು ಚಿಟಿಕೆ. ಎಲ್ಲಕ್ಕಿಂತ ಮೇಲಾಗಿ, ಸೋಪು ತಾಕಿದ ಕೈ ಆ ನೀರಿಗೆ ಇಳಿಯುವಂತಿಲ್ಲ. ‘ಅಜ್ಜೀ, ನೋ ಸೋಪ್!’ ಎಂದು ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಳು. ಒಂದು ದಿನ ಮರೆತು ನೆಲ ಒರೆಸುವ ಬಟ್ಟೆಯನ್ನು ಕೆಂಪು ಬಕೆಟ್ಟಿಗೆ ಅದ್ದಿಬಿಟ್ಟೆ. ಹುಡುಗಿ ಬಾಯಿ ಮುಚ್ಚಿಕೊಂಡು ಹಾಗೇ ನಿಂತಳು. ಆ ಮುಖವನ್ನು ನಾನು ಎಲ್ಲೋ ನೋಡಿದ್ದೆ. ನೆನಪಾಗಲು ಹೊತ್ತು ಹಿಡಿಯಲಿಲ್ಲ. ನಾನು ಮೈಲಿಗೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದಾಗ ನಮ್ಮತ್ತೆ ಹೀಗೇ ನಿಂತಿದ್ದರು.

ಮೂರು ಮೀನುಗಳಲ್ಲಿ ದಪ್ಪನೆಯದಕ್ಕೆ ಅದಕ್ಕೇ ‘ನಮ್ಮತ್ತೆ’ ಎಂದು ಹೆಸರಿಟ್ಟೆ. ಅದೂ ಒಂದು ಮೂಲೆಯಲ್ಲಿ ನಿಂತು, ಕಣ್ಣು ಮುಚ್ಚದೆ ನನ್ನನ್ನೇ ನೋಡುತ್ತ, ಏನೋ ಹೇಳಲು ಬಾಯಿ ತೆರೆಯುತ್ತಿತ್ತು. ಹೇಳಲು ಆಗುತ್ತಿರಲಿಲ್ಲ, ಅದೊಂದು ಸುಖ.

ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು. ಎಲ್ಲರೂ ಹೊರಗೆ ಹೋದ ಮನೆಯಲ್ಲಿ ಬೇರೆ ದೀಪ ಹಾಕಿಕೊಳ್ಳದೆ ಆ ತೊಟ್ಟಿಯ ಮುಂದೆ ಕೂರುತ್ತಿದ್ದೆ. ಮೊಮ್ಮಗಳಿಗೆ ಹೆದರಿ ಅಂತಲೇ ಇಟ್ಟುಕೊಳ್ಳಿ. ಹಸಿರು ಬೆಳಕು ಗೋಡೆಯ ಮೇಲೆ, ನನ್ನ ಸೆರಗಿನ ಮೇಲೆ ಅಲುಗುತ್ತಿತ್ತು. ಪಾಚಿ ಎಲ್ಲಿಗೂ ಹೋಗುವ ಅವಸರವಿಲ್ಲದೆ ಬಾಗುತ್ತಿತ್ತು, ಏಳುತ್ತಿತ್ತು. ಆಚೆ ಕಿಟಕಿಯಲ್ಲಿ ಒಮ್ಮೊಮ್ಮೆ ಹಿಮ ಬೀಳುವುದು. ಇತ್ತ ತೊಟ್ಟಿಯಲ್ಲಿ ಗುಳ್ಳೆ ಮೇಲೇರುವುದು. ಒಂದು ಇಳಿಯುತ್ತ, ಇನ್ನೊಂದು ಏರುತ್ತ, ನಡುವೆ ಕೂತ ನಾನು ಯಾವ ಗಾಜಿನ ಒಳಗಿದ್ದೇನೆ, ಯಾವುದರ ಹೊರಗಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಕಣ್ಣು ಎಳೆದಂತಾಗಿ, ನಮ್ಮತ್ತೆ ಕೆಂಪು ಸೀರೆಯುಟ್ಟು ಸದ್ದಿಲ್ಲದೆ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ತೇಲಿ ಹೋಗುತ್ತಿದ್ದರು. ಅಷ್ಟರಲ್ಲಿ ಸೊಂಟ ಹಿಡಿದುಕೊಳ್ಳುವುದು, ಇಲ್ಲವೇ ಫೋನು ಹೊಡೆದುಕೊಳ್ಳುವುದು.

ಆ ಫೋನು ರುಕ್ಮಿಣಮ್ಮನದು. ಊರಿನ ಇನ್ನೊಂದು ತುದಿಯಲ್ಲಿರುವ ಇನ್ನೊಬ್ಬ ಡಾಕ್ಟರ ತಾಯಿ, ಮೈಸೂರಿನವರು. ದಿನಾ ಊಟವಾದ ಮೇಲೆ ಅವರು ಮಾಡುತ್ತಿದ್ದರು. ಮನೆ ಖಾಲಿಯಾದ ಆ ಹೊತ್ತಿನಲ್ಲಿ ಆ ಊರಲ್ಲಿ ನನ್ನ ಜೊತೆ ಕನ್ನಡ ಮಾತಾಡಲು ಇದ್ದದ್ದು ಅವರೊಬ್ಬರು. ಅವರಿಗೂ ನಾನೊಬ್ಬಳೇ. ಏನು ಅಡಿಗೆ, ಯಾರ ಸೊಸೆ ಏನಂದಳು, ಯಾವ ಮಂಡಿಗೆ ಯಾವ ಎಣ್ಣೆ, ಇಷ್ಟೇ ಮಾತು. ಆದರೆ ಆ ಮಾತು ಇಲ್ಲದಿದ್ದರೆ ಸಂಜೆ ಮನೆಯವರು ಬರುವ ಹೊತ್ತಿಗೆ ನನ್ನ ನಾಲಗೆಗೆ ಜೋಮು ಹಿಡಿದಿರುತ್ತಿತ್ತು. ಅವರದು ಕಟ್ಟುನಿಟ್ಟಿನ ಮಡಿ. ಈ ಚಳಿಯಲ್ಲೂ ತಣ್ಣೀರು ಸ್ನಾನ. ‘ಯಾಕ್ರೀ ಹಿಂಗೆ ಸಾಯ್ತೀರಿ, ನಿಮ್ಮನ್ನ ನೋಡೋಕೆ ನಿಮ್ಮತ್ತೆ ಬರ್ತಾರಾ ಇಲ್ಲಿ?’ ಎಂದು ನಾನು ಕೇಳಿದರೆ, ‘ನೀವು ಕೆಟ್ಟಿದ್ದೀರಿ ಅಂತ ನಾನೂ ಕೆಡಬೇಕಾ?’ ಅನ್ನುತ್ತಿದ್ದರು.

ಈಗ ಕರಿಬೇವಿನ ವಿಷಯ. ಮೊದಲೆಲ್ಲ ಎರಡು ತಿಂಗಳಿಗೊಮ್ಮೆ ಲೆಸ್ಟರಿಗೆ ಹೋಗಿ ಇಂಡಿಯನ್ ಅಂಗಡಿಯಿಂದ ತಂದು ಫ್ರೀಜರಿನಲ್ಲಿಟ್ಟು ಮುರಿದು ಮುರಿದು ಹಾಕುವುದು. ಅಲ್ಲಿಂದಲೇ ತಂದ ಒಂದು ಗಿಡ ನಮ್ಮ ಅಡಿಗೆಮನೆ ಕಿಟಕಿಯಲ್ಲಿ ಎರಡು ವರ್ಷದಿಂದ ಬದುಕಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮೀನು ಬಂದವಲ್ಲ, ವಾರಕ್ಕೊಮ್ಮೆ ತೆಗೆದ ಹಳೇ ನೀರನ್ನು ಚೆಲ್ಲಬಾರದು, ಗಿಡಕ್ಕೆ ಹಾಕಬೇಕು ಎಂದು ಮೇಘನಾಳ ಕಾನೂನು. ಹಾಕಿದೆ. ಮೂರು ತಿಂಗಳಲ್ಲಿ ಗಿಡ ಕಿಟಕಿಯ ಬೆಳಕನ್ನೇ ಮುಚ್ಚಿತು. ಎಲೆ ಕಿತ್ತರೆ ಕೈಯೆಲ್ಲ ಘಮ. ಕನ್ನಡದವರ ಮನೆಗಳಿಗೆಲ್ಲ ಹಂಚಿದೆ. ಬುಡದಲ್ಲಿ ಎದ್ದ ಒಂದು ಮರಿಯನ್ನು ಕುಂಡದಲ್ಲಿಟ್ಟು ರುಕ್ಮಿಣಮ್ಮನಿಗೂ ಕೊಟ್ಟೆ. ಅವರ ಮನೆಯಲ್ಲಿ ಅದು ಸೊರಗಿತು. ‘ಏನು ಹಾಕ್ತೀರ್ರಿ ನಿಮ್ಮ ಗಿಡಕ್ಕೆ?’ ಎಂದು ಫೋನಿನಲ್ಲಿ ಕೇಳುತ್ತಿದ್ದರು. ‘ನೀರು’ ಅನ್ನುತ್ತಿದ್ದೆ. ನೀರೇ ತಾನೆ?

ಒಂದು ಭಾನುವಾರ ಅವರನ್ನು ಊಟಕ್ಕೆ ಕರೆದೆವು. ನಮ್ಮ ಮನೆಯಲ್ಲಿ ಮಾತ್ರ ಅವರು ಎರಡು ಮಾತಾಡದೆ ಊಟ ಮಾಡುತ್ತಿದ್ದದ್ದು. ಹುಳಿ ಕಲಸಿಕೊಂಡು, ‘ಈ ಕರಿಬೇವಿನ ಘಮ ನೋಡಿದ್ರೆ ನಮ್ಮ ಅಗ್ರಹಾರದಲ್ಲೇ ಕೂತ ಹಾಗಿದೆ. ನಿಜ ಹೇಳಿ ಪಾರ್ವತಮ್ನೋರೆ, ಗಿಡಕ್ಕೆ ಏನು ಹಾಕ್ತೀರಿ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೇಘನಾ ಉಬ್ಬಿಹೋಗಿ, ‘ಫಿಶ್ ವಾಟರ್, ಅಜ್ಜಿ! ಫಿಶ್ ಪೂ ಈಸ್ ದ ಬೆಸ್ಟ್!’ ಅಂದಳು.

ರುಕ್ಮಿಣಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಫಿಶ್ ಅನ್ನುವ ಒಂದು ಮಾತು ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಒಂದೊಂದು ಪೊಟ್ಟಣವನ್ನೂ ತಿರುಗಿಸಿ ‘ನೋ ಫಿಶ್? ನೋ ಎಗ್?’ ಎಂದು ಕೇಳಿ ಕೇಳಿ ಕಲಿತದ್ದು. ಅವರ ಕೈ ಅನ್ನದ ಮೇಲೆ ನಿಂತಿತು. ‘ಅಂದ್ರೆ?’ ಎಂದು ನನ್ನನ್ನು ಕೇಳಿದರು. ಸುಧಾ ನನಗೆ ಕಣ್ಣು ಮಿಟುಕಿಸಿದಳು. ನನಗೆ ಆ ವಿದ್ಯೆ ಬಾರದು. ‘ಮೀನಿನ ತೊಟ್ಟಿ ನೀರು ಹಾಕ್ತೀವಿ. ಅದರ ಗಲೀಜೇ ಗಿಡಕ್ಕೆ ಗೊಬ್ಬರ’ ಅಂದೆ. ಅವರು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ‘ಮಜ್ಜಿಗೆ ಅನ್ನ ಸಾಕು’ ಅಂದರು. ಮಜ್ಜಿಗೆ ಬಂತು. ಅದರ ಮೇಲೆ ಒಗ್ಗರಣೆಯ ಕರಿಬೇವು ಹಸಿರಾಗಿ ತೇಲುತ್ತಿತ್ತು. ಅವರು ಎದ್ದು ಕೈ ತೊಳೆದರು. ಅವರ ಮಗ ಕಾರಿನಲ್ಲಿ ಕರೆದುಕೊಂಡು ಹೋದ.

ಸೋಮವಾರ ಊಟವಾದ ಮೇಲೆ ತೊಟ್ಟಿಯ ಮುಂದೆ ಕೂತೆ. ಫೋನು ಬರಲಿಲ್ಲ. ಮಂಗಳವಾರವೂ ಇಲ್ಲ. ‘ನೀನೇ ಒಂದು ಫೋನ್ ಮಾಡಮ್ಮ’ ಅಂದಳು ಸುಧಾ. ‘ನಾನ್ಯಾಕೆ ಮಾಡ್ಲಿ? ಮೀನು ಮಾಡ್ಲಿ’ ಅಂದೆ. ಅಂದೇನೋ ಅಂದೆ. ಮನೆ ಖಾಲಿಯಾದಾಗ ರಿಸೀವರ್ ಎತ್ತಿ ಅದರೊಳಗಿನ ಗುಂಯ್ ಅನ್ನುವ ಸದ್ದು ಕೇಳಿ ಇಡುತ್ತಿದ್ದೆ, ಕೆಟ್ಟಿದೆಯೋ ಏನೋ ನೋಡೋಣ ಅಂತ. ಕೆಟ್ಟಿರಲಿಲ್ಲ. ಆ ವಾರ ನಿದ್ದೆಯಲ್ಲದ ನಿದ್ದೆಯಲ್ಲಿ, ರುಕ್ಮಿಣಮ್ಮನೂ ನಾನೂ ಹಸಿರು ನೀರಿನಲ್ಲಿ ಎದುರುಬದುರು ನಿಂತಿರುತ್ತಿದ್ದೆವು. ಅವರ ಸೀರೆಯ ನೆರಿಗೆ ರೆಕ್ಕೆಯ ಹಾಗೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಅವರು ಬಾಯಿ ತೆರೆಯುತ್ತಿದ್ದರು, ನಾನು ಬಾಯಿ ತೆರೆಯುತ್ತಿದ್ದೆ, ಒಂದು ಮಾತೂ ಕೇಳಿಸದು, ಬರೀ ಗುಳ್ಳೆ. ಎಚ್ಚರಾದರೆ ‘ನಮ್ಮತ್ತೆ’ ಗಾಜಿಗೆ ಮೂತಿ ಹಚ್ಚಿ ನೋಡುತ್ತಿತ್ತು. ‘ನಿನ್ನಿಂದಲೇ ಎಲ್ಲ’ ಎಂದು ಬೈದೆ.

ವಾರ ಕಳೆದ ಮೇಲೆ ಮೇಘನಾಗೆ, ‘ಈ ಮೀನುಗಳನ್ನ ಮನೆ ಹಿಂದಿನ ಕಾಲುವೆಗೆ ಬಿಟ್ಟು ಬಾರೇ, ಅವಕ್ಕೂ ದೊಡ್ಡ ಜಾಗ, ನಮಗೂ ಪುಣ್ಯ’ ಅಂದೆ. ಹುಡುಗಿ ಬೆಚ್ಚಿಬಿದ್ದಳು. ‘ನೋ ಅಜ್ಜಿ, ಯು ಕಾಂಟ್!’ ಕಾಲುವೆಯಲ್ಲಿ ಇಲ್ಲಿನವೇ ಮೀನುಗಳಿವೆಯಂತೆ. ಹೊರಗಿನವು ಬಂದರೆ ಅವುಗಳ ಊಟ ಕಸಿಯುತ್ತವಂತೆ, ರೋಗ ತಾಗಿಸುತ್ತವಂತೆ, ಮರಿ ಹಾಕಿ ಹಾಕಿ ಕಾಲುವೆ ತುಂಬುತ್ತವಂತೆ. ಮನುಷ್ಯರ ಬಗ್ಗೆ ಇದೇ ಮಾತನ್ನು ಬಸ್‌ಸ್ಟಾಪಿನಲ್ಲಿ ಒಬ್ಬ ಮುದುಕ ನನ್ನ ಕಡೆ ತಿರುಗಿ ಹೇಳಿದ್ದ. ಅವನಂದದ್ದು ಸುಳ್ಳು, ಹುಡುಗಿ ಅಂದದ್ದು ನಿಜವಿರಬಹುದು ಅಂತ ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಬಂದು, ಬೇಕಾದರೆ ಅಂಗಡಿಗೇ ವಾಪಸು ಕೊಡುತ್ತೇನೆ ಅಂದಳು. ಕೈಯಲ್ಲಿ ಬಲೆ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಷ್ಟೇ ಅವಳು ಮಾಡಿದ ಕೆಲಸ. ‘ಇಡೇ ಆ ಬಲೆ ಅತ್ಲಾಗಿ. ಮೀನೂ ಇರ್ಲಿ, ಗಿಡವೂ ಇರ್ಲಿ. ಬೇಕಾದವರು ಬರ್ತಾರೆ’ ಅಂದೆ. ಬರುತ್ತಾರೆಂದು ನನಗೇನೂ ನಂಬಿಕೆ ಇರಲಿಲ್ಲ.

ಮಾರನೆ ದಿನ ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಕೂಡಲೇ ಎತ್ತಬಾರದು ಅಂತ ಎರಡು ಸಲ ಬಾರಿಸಲು ಬಿಟ್ಟೆ.

‘ನಾನು’ ಅಂದರು.

‘ನಾನು ಅಂದ್ರೆ ಯಾರು?’

‘ಸಾಕು ನಾಟಕ. ಊಟ ಆಯ್ತಾ?’

‘ಆಯ್ತು. ನಿಮ್ದು?’

‘ಆಯ್ತು ಅನ್ನಬೇಕು. ಫ್ರೀಜರಿಂದ ತೆಗೆದ ಕರಿಬೇವು, ಸಾರಲ್ಲಿ ಹೊಗೆಸೊಪ್ಪು ಹಾಕಿದ ಹಾಗಿತ್ತು.’ ಆಮೇಲೆ ಮೆಲ್ಲಗೆ ಗಿಡದ ಮಾತಿಗೆ ಬಂದರು. ‘ನೀವು ಕೊಟ್ಟ ಮರಿಯಲ್ಲಿ ಎರಡೇ ಎಲೆ ಉಳಿದಿವೆ. ಅವೂ ನನ್ನ ಮುಖ ನೋಡಿಕೊಂಡು ನಿಂತಿವೆ.’

‘ನೀರು ಹಾಕಿ.’

‘ನಿಮ್ಮ ನೀರೇ ಬೇರೆ ಅಂತ ಈಗ ಗೊತ್ತಾಯ್ತಲ್ಲ!’ ಎಂದು ಗದರಿ, ದನಿ ತಗ್ಗಿಸಿ, ‘ನಾಳೆ ಬೆಳಿಗ್ಗೆ ನಮ್ಮ ಹುಡುಗ ಕೆಲಸಕ್ಕೆ ಹೋಗ್ತಾ ನಿಮ್ಮನೆ ಹತ್ರ ಬರ್ತಾನೆ. ಒಂದು ಕ್ಯಾನು ತುಂಬಿಸಿ ಕೊಡಿ. ಗಿಡಕ್ಕೆ ಹಾಕೋದು, ನಾನೇನು ಕುಡಿಯಲ್ಲ’ ಅಂದರು.

‘ಕೊಡ್ತೀನಿ.’

‘ಆದ್ರೆ ಒಂದು ಮಾತು. ಸ್ನಾನ ಮಾಡಿ ಮಡೀಲಿ ತುಂಬಿಸಬೇಕು.’

‘ಮೀನಿನ ಹೇಲಿಗೆ ಮಡಿ ಏನ್ರೀ ರುಕ್ಮಿಣಮ್ಮ! ತಲೆ ನೆಟ್ಟಗಿದೆಯಾ ನಿಮಗೆ?’

‘ಆ ಮಾತು ಬಾಯಲ್ಲಿ ತರಬೇಡ್ರೀ. ನೀರು ಅನ್ನಿ.’

ಅವರು ನಕ್ಕರೋ ನಾನು ಮೊದಲು ನಕ್ಕೆನೋ ತಿಳಿಯದು. ಬಾಕಿ ಇದ್ದ ವಾರದ ಮಾತೆಲ್ಲ ಆಡಿ ಮುಗಿಸುವಷ್ಟರಲ್ಲಿ ಮೇಘನಾ ಸ್ಕೂಲಿನಿಂದ ಬಂದಿದ್ದಳು. ಇಡುವ ಮುಂಚೆ, ‘ನೋಡಿ, ಆ ಮಡಿಗಿಡಿ ಎಲ್ಲ ನಾನು ಮಾಡೋಳಲ್ಲ. ಗಳ ಇಳಿಸಿ ಮೂವತ್ತು ವರ್ಷ ಆಯ್ತು’ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಸೋಪು ಮುಟ್ಟಿದರೆ ಮೊಮ್ಮಗಳ ಮಡಿ ಕೆಡುತ್ತದೆ, ಸ್ನಾನ ಬಿಟ್ಟರೆ ರುಕ್ಮಿಣಮ್ಮನ ಮಡಿ ಕೆಡುತ್ತದೆ, ಹಾಗಾಗಿ ಕಡಲೆಹಿಟ್ಟು ಹಚ್ಚಿಕೊಂಡು ಮಿಂದೆ. ಬಾತ್‌ರೂಮಿನ ಪರದೆಯ ಸರಳಿನ ಮೇಲೆ ರಾತ್ರಿಯೇ ಒಣಹಾಕಿದ್ದ ಸೀರೆಯನ್ನು ನನ್ನ ಊರುಗೋಲಿನ ತುದಿಯಿಂದ ಎಳೆದುಕೊಂಡು ಉಟ್ಟೆ. ಕೆಂಪು ಬಕೆಟ್ ಹಿಡಿದು ಕೆಳಗಿಳಿದು ತೊಟ್ಟಿಯಿಂದ ಮಗ್ಗಿನಲ್ಲಿ ನೀರು ತೆಗೆಯುತ್ತಿದ್ದೆ. ‘ನಮ್ಮತ್ತೆ’ ಗಾಜಿನ ಆಚೆಯಿಂದ ನೋಡುತ್ತಿತ್ತು. ಮೇಘನಾ ನಿದ್ದೆಗಣ್ಣಿನಲ್ಲಿ ಮೆಟ್ಟಿಲಿಳಿದು, ದಿನದ ಹಾಗೆ ಹಿಂದಿನಿಂದ ಬಂದು ತಬ್ಬಿಕೊಳ್ಳಲು ಕೈ ಚಾಚಿದಳು.

‘ದೂರ ನಿಲ್ಲೇ, ಮುಟ್ಟಬೇಡ’ ಅಂದೆ.