ಭಾವನವರ ಭರ್ತಿ

ನಮ್ಮ ಭಾವನವರ ಕಣ್ಣಿಗೆ ಬಟ್ಟೆ ಕಟ್ಟಿ ನವಿ ಮುಂಬಯಿಯ ಯಾವ ಮೂಲೆಯಲ್ಲಿ ಇಳಿಸಿದರೂ, ಹತ್ತಿರದ ಬಾತ್‌ರೂಮ್ ಯಾವ ದಿಕ್ಕಿಗಿದೆ, ಅದರ ಚಿಲಕ ಗಟ್ಟಿಯಾಗಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದನ್ನೆಲ್ಲ ಬಟ್ಟೆ ಬಿಚ್ಚುವ ಮೊದಲೇ ಹೇಳಬಲ್ಲರು. ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ನೀವು ಅವರ ಜೊತೆ ಮದುವೆಗೆ ಹೋದವರಲ್ಲ. ಹೋದ ವರ್ಷ ಡೊಂಬಿವಲಿಯ ಮದುವೆಯೊಂದರಲ್ಲಿ ಹುಡುಗಿಯ ತಂದೆ ಬಾಗಿಲಲ್ಲೇ ಕೈಮುಗಿದು, "ಬನ್ನಿ ಬನ್ನಿ, ಮೊದಲು ತಿಂಡಿ ಆಗ್ಲಿ" ಎಂದರು. ಭಾವನವರು ತಿರುಗಿ ಕೈಯನ್ನೂ ಮುಗಿಯದೆ, "ಬಾತ್‌ರೂಮ್ ಎಲ್ಲಿದೆ ಸಾರ್? ವೆಸ್ಟರ್ನ್ ಇದೆಯಾ?" ಎಂದು ಕೇಳಿದರು. ಪಾಪ, ಆ ತಂದೆ ಧಾರೆ ಎರೆಯುವಾಗಲೂ ಇವರ ಕಡೆ ಒಂದು ಕಣ್ಣಿಟ್ಟೇ ಇದ್ದರು.

ಶುಗರ್ ಇರಬೇಕು ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದೆ. ಭಾವನವರು ಅಲ್ಲಗಳೆಯಲಿಲ್ಲ. "ವಯಸ್ಸಾಯ್ತಲ್ಲಯ್ಯ" ಎಂದು ನಕ್ಕು, ಆ ಮಾತು ಮುಗಿಯುವ ಮೊದಲೇ ಎರಡನೇ ಜಿಲೇಬಿಗೆ ಕೈ ಹಾಕಿದರು. ಶುಗರ್ ಇದ್ದವರು ಜಿಲೇಬಿ ತಿನ್ನುವುದು ನಮ್ಮ ಮನೆತನದಲ್ಲಿ ಹೊಸದೇನಲ್ಲವಾದ್ದರಿಂದ ನನಗೂ ಅನುಮಾನ ಬರಲಿಲ್ಲ.

ಭಾವನವರು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿದ್ದಾರೆ. ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ಅವರಿಗೆ ಸಂಬಳ. ಆಫೀಸಿನಲ್ಲಿ ಸಂಬಳಕ್ಕೆ ಯೋಚಿಸಿ, ಮನೆಗೆ ಬಂದು ಪುಕ್ಕಟೆಯಾಗಿ ಯೋಚಿಸುತ್ತಾರೆ. ಪಾರ್ಕಿಗೆ ಹೊರಟರೂ ಮೊದಲು ತಾವೊಬ್ಬರೇ ಹೋಗಿ ಒಂದು ಸುತ್ತು ನೋಡಿಕೊಂಡು ಬಂದು, ಆಮೇಲೆ ಮನೆಯವರನ್ನು ಕರೆದೊಯ್ಯುವ ಮನುಷ್ಯ! ಇಂಥವರು ಸಮುದ್ರದ ಹಿನ್ನೀರಿನ ಪಕ್ಷಿಧಾಮಕ್ಕೆ ಒಂದು ದಿನದ ಪ್ರವಾಸ ಹಾಕಿದರೆ ಏನಾಗಬೇಕೋ ಅದೇ ಆಯಿತು.

ಪ್ರವಾಸ ಅಕ್ಕನಿಗಾಗಿ. ಹೊಟ್ಟೆಯ ಆಪರೇಷನ್ ಆದಮೇಲೆ ಅಕ್ಕ ಹೊರಗೆ ಬಂದದ್ದು ಆ ಡೊಂಬಿವಲಿಯ ಮದುವೆಗೆ ಮಾತ್ರ. ಅಲ್ಲಿಯೂ ಊಟಕ್ಕೆ ಕೂರದೆ, "ಕಾಲು ನೋವು ಕಣೋ" ಎಂದು ಹೊರಟುಬಿಟ್ಟಳು. ಅಲ್ಲಿಂದ ಮುಂದೆ ಗಣಪತಿ ನೋಡಲಿಕ್ಕೆ ಕೆಳಗಿಳಿಯಲು ಕರೆದರೂ ಕಾಲು ನೋವು, ಘಣಸೋಲಿಯ ನಮ್ಮ ಮನೆಗೆ ಕರೆದರೂ ಕಾಲು ನೋವು. ಸೀವುಡ್ಸ್‌ನ ಅವರ ಫ್ಲಾಟಿನ ಅಡುಗೆಮನೆ ಕಿಟಕಿಯಿಂದ ದೂರದಲ್ಲಿ ಖಾಡಿ, ಅಂದರೆ ಆ ಹಿನ್ನೀರು, ಕಾಣುತ್ತದೆ. ಚಳಿ ಬಿದ್ದ ಮೇಲೆ ಅದರ ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಒಂದು ಗೆರೆ. ಫ್ಲೆಮಿಂಗೊಗಳು. ಒಂದು ದಿನ ಅಕ್ಕ ಸೌಟು ಹಿಡಿದುಕೊಂಡೇ, "ಅವನ್ನ ಹತ್ತಿರದಿಂದ ನೋಡಿದ್ರೆ ಹೇಗಿರತ್ತೋ" ಎಂದಳು. ಅಷ್ಟೇ ಹೇಳಿದ್ದು. ಭಾವನವರು ಅದನ್ನು ಹಿಡಿದುಕೊಂಡರು. ಮಳೆಗಾಲ ಬಂದರೆ ಹಕ್ಕಿಗಳು ಹೊರಟುಹೋಗುತ್ತವೆ, ಅಷ್ಟರೊಳಗೆ ಇವಳನ್ನು ಮನೆಯಿಂದ ಹೊರಡಿಸಲೇಬೇಕು ಎಂದು ಹಟ ಹಿಡಿದರು. ಈ ಸಲ ಹೊರಡದಿದ್ದರೆ ಅವಳು ಇನ್ನು ಆ ಕಿಟಕಿಗೇ ಒಗ್ಗಿಹೋಗುತ್ತಾಳೆ ಎಂಬ ಭಯ ನನಗೂ ಇತ್ತು.

ಐರೋಲಿಯ ದೋಣಿಯವರ ನಂಬರು ಸಿಕ್ಕಿತು. ಭಾವನವರು ಫೋನ್ ಮಾಡಿ, ರವಿವಾರ ಬೆಳಗ್ಗೆ ಬರಬಹುದೇ ಎಂದು ಕೇಳಿದರು. ಆ ಕಡೆಯಿಂದ, "ರವಿವಾರಿ ಭರ್ತಿ ಆಹೇ, ಸಾಹೇಬ್" ಎಂದು ಕೇಳಿಸಿತು. ಭಾವನವರು "ಅಚ್ಛಾ ಅಚ್ಛಾ, ಠೀಕ್ ಆಹೇ" ಎಂದು ಫೋನ್ ಇಟ್ಟು ನನ್ನ ಕಡೆ ನೋಡಿದರು.

"ದೋಣಿ ಭರ್ತಿಯಂತೆ ಕಣಯ್ಯ. ಜಾಗ ಇಲ್ಲ."

"ಒಂದೆರಡು ಸೀಟಾದ್ರೂ ಮಾಡಿಕೊಡಿ ಅಂತ ಕೇಳಬಾರದಿತ್ತಾ ಭಾವ?"

"ಪಾಪ, ಅವನಿಗೂ ಇಲ್ಲ ಅನ್ನೋದಕ್ಕೆ ಸಂಕಟ ಅಲ್ವಾ. ತುಂಬಿದ ದೋಣೀಲಿ ಹೋಗೋದು ರಿಸ್ಕು ಬೇರೆ."

ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದರು. ಮತ್ತೆ ಭರ್ತಿ! ಮಾಘ ಹೋಯಿತು, ಹೋಳಿ ಆಯಿತು, ಫಾಲ್ಗುಣವೂ ಹೋಯಿತು. ಕೇಳಿದಾಗಲೆಲ್ಲ ಭರ್ತಿ. ಇಡೀ ಠಾಣೆ, ಕಲ್ಯಾಣದ ಜನರೆಲ್ಲ ಮನೆಗೆ ಬೀಗ ಹಾಕಿ ದೋಣಿಯಲ್ಲೇ ಸಂಸಾರ ಹೂಡಿದ್ದಾರೋ ಹೇಗೆ ಎಂದು ನನಗೆ ಸಿಟ್ಟು ಬಂತು. ಭಾವನವರಿಗೆ ನಿದ್ದೆ ಹೋಯಿತು. ಬೆಳಗಾದರೆ ಕಿಟಕಿಗೆ ಹೋಗಿ ಗುಲಾಬಿ ಗೆರೆ ಇದೆಯೇ ಎಂದು ನೋಡುವುದು, ಆಮೇಲೆ ಮೋಡ ಇದೆಯೇ ಎಂದು ನೋಡುವುದು. ಗೆರೆ ಇದ್ದು ಮೋಡ ಇಲ್ಲದಿದ್ದರೆ ಮಾತ್ರ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿತ್ತು.

ಕೊನೆಗೊಂದು ರವಿವಾರ ಬೆಳಗ್ಗೆ ದೋಣಿಯವರು, "ಆಜ್ ಸಕಾಳೀ ಭರ್ತಿ ನಾಹೀ" ಎಂದರು. ಭಾವನವರು ಆ ಮನುಷ್ಯನ ಮುಂದಿನ ಮಾತಿಗೂ ಕಾಯದೆ ಫೋನ್ ಇಟ್ಟು, "ಬೆಳಗ್ಗೆ ಭರ್ತಿ ಇಲ್ಲವಂತೆ! ಹೊರಡಿ ಹೊರಡಿ" ಎಂದು ಮನೆಯನ್ನೆಲ್ಲ ಎಬ್ಬಿಸಿದರು. ಅಕ್ಕ ಬೇಡ ಬೇಡವೆನ್ನುತ್ತಲೇ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಕಾಲೇಜಿನ ಪರೀಕ್ಷೆ ಮುಗಿಸಿದ್ದ ಅವರ ಮಗಳು ಚಿನ್ನುವೂ ಕಾರು ಹತ್ತಿದಳು. ಬೆಳಗಿನ ಕಾಫಿಯನ್ನು ಅಕ್ಕ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲಿ ಕೂತಿದ್ದಳು.

ಐರೋಲಿಯಲ್ಲಿ ಇಳಿದು ನೋಡಿದರೆ, ದೋಣಿ ಇರಲಿ, ನೀರೇ ಇಲ್ಲ! ಕಣ್ಣು ಹಾಯುವಷ್ಟು ದೂರ ಕೆಸರು, ಕೆಸರಿನಲ್ಲಿ ಏಡಿಗಳು. ಹಕ್ಕಿಗಳು ಎಲ್ಲೋ ದೂರದಲ್ಲಿ, ಅದೇ ಗೆರೆ. ಕಿಟಕಿಯಿಂದಲೇ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

"ಭರ್ತಿ ಇಲ್ಲ ಅಂದ್ನಲ್ಲ" ಎಂದರು ಭಾವನವರು, ಏಡಿಗಳನ್ನು ಕೇಳುವವರಂತೆ.

ಚಿನ್ನುವಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಹಿಂದಿ ಬರುತ್ತದೆ. ಅವಳು ಅಪ್ಪನ ಮುಖವನ್ನೇ ನೋಡಿ, "ಅಪ್ಪಾ, ಮರಾಠಿ ಮೇ ಭರ್ತಿ ಮತ್ಲಬ್ ಹೈ ಟೈಡ್. ಪಾನಿ ಚಢೇಗಾ ತಭೀ ತೋ ಬೋಟ್ ಜಾಯೇಗೀ" ಎಂದಳು.

ಭರ್ತಿ ಎಂದರೆ ಉಬ್ಬರ! ತುಂಬುವುದು ದೋಣಿಯಲ್ಲ, ನೀರು. ನೀರು ಏರುತ್ತದೆ, ಬನ್ನಿ ಎಂದು ಆ ಪುಣ್ಯಾತ್ಮ ಕರೆದಾಗಲೆಲ್ಲ ನಾವು ಜಾಗವಿಲ್ಲವೆಂದು ಮನೆಯಲ್ಲಿ ಕೂತಿದ್ದೆವು. ನೀರಿಲ್ಲ, ಬರಬೇಡಿ ಎಂದ ದಿನ ಸೀರೆ ಉಟ್ಟು ಬಂದಿದ್ದೆವು! ಅಂಗಡಿಯಲ್ಲಿ ಕೊತ್ತಂಬರಿ ಚೌಕಾಸಿ ಮಾಡುವಷ್ಟೇ ನನ್ನ ಮರಾಠಿಯೂ ಆದ್ದರಿಂದ ನಾನು ಗೇಲಿ ಮಾಡುವ ಹಾಗಿರಲಿಲ್ಲ. ಆದರೂ ನಗು ಉಕ್ಕಿತು. ಅಕ್ಕನೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ಆ ನಗು ಕೇಳಿದ್ದು. ಆದರೆ ನಗುತ್ತಿದ್ದವಳು ತಟ್ಟನೆ ನಿಲ್ಲಿಸಿ ತುಟಿ ಕಚ್ಚಿ, "ಮನೆಗೆ ಹೋಗೋಣ" ಎಂದಳು.

ದಾರಿಯಲ್ಲಿ ಭಾವನವರು, "ನಂಗೆ ಅರ್ಜೆಂಟು" ಎಂದು ಕಾರನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಕಾರು ಹೇಗೂ ನಿಂತಿದೆಯಲ್ಲ ಎಂದು ಅಕ್ಕನೂ ಇಳಿದುಹೋದಳು. "ಭಾವನ ಭರ್ತಿ ಈಗ ಬಂತು ನೋಡು" ಎಂದು ನಾನು ಚಿನ್ನುವಿಗೆ ಹೇಳಿದೆ. ಮನೆ ತಲುಪಿದ ಮೇಲೆ ಅಕ್ಕ ಸೀರೆ ಮಡಿಸುತ್ತ, "ಇನ್ನು ನನ್ನ ಎಲ್ಲಿಗೂ ಕರೀಬೇಡಿ" ಎಂದು ಮೆಲ್ಲಗೆ ಹೇಳಿದಳು. ಅದು ಕೋಪದ ಮಾತಾಗಿದ್ದರೆ ನಾವು ಹೆದರುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಭಾವನವರು ಆ ದೋಣಿಯವರನ್ನು ಫೋನಿನಲ್ಲಿ ಗೋಳು ಹುಯ್ದುಕೊಂಡದ್ದು ಅಷ್ಟಿಷ್ಟಲ್ಲ. ಭರ್ತಿ ಯಾವಾಗ ಎಂಬುದು ಒಂದು ಪ್ರಶ್ನೆಯಾದರೆ ಬಾತ್‌ರೂಮಿನದು ಹತ್ತು. ದೋಣಿ ಹತ್ತುವ ಜೆಟ್ಟಿಯಿಂದ ಎಷ್ಟು ದೂರ, ಬೀಗ ಹಾಕಿರುತ್ತಾರೋ, ಬೇಕೆಂದಾಗ ದೋಣಿ ತಿರುಗಿಸುತ್ತಾರೋ? ಒಂದು ಸಲ ದೋಣಿಯವರು, "ಸಾಹೇಬ್, ಪಕ್ಷಿ ಬಘಾಯಲಾ ಯೇತಾ ಕೀ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಹಕ್ಕಿ ನೋಡಲಿಕ್ಕೆ ಬರುತ್ತೀರೋ ಅಥವಾ ಎಂಬ ಆ ಪ್ರಶ್ನೆಯ ಉಳಿದರ್ಧ ನಮಗೆಲ್ಲ ಅರ್ಥವಾಯಿತು. ಅಷ್ಟಾದ ಮೇಲೆ ಭಾವನವರೊಬ್ಬರೇ ಒಂದು ಸಂಜೆ ಐರೋಲಿಗೆ ಹೋಗಿ ಬಂದು, ಬಾಗಿಲು ಹಾಕಿಕೊಂಡು ಅಕ್ಕನ ಹತ್ತಿರ ಏನೋ ಮಾತಾಡಿದರು. ವೈಶಾಖದ ಒಂದು ರವಿವಾರ ಅಕ್ಕ ಮತ್ತೆ ಹಸಿರು ಸೀರೆ ಉಟ್ಟಳು. ಮೋಡ ಕಟ್ಟುತ್ತಿತ್ತು. ಆ ವರ್ಷದ ಕೊನೆಯ ಅವಕಾಶ ಅದು.

ಈ ಸಲ ಭರ್ತಿ ನಿಜವಾಗಿಯೂ ಭರ್ತಿ. ಕೆಸರಿದ್ದಲ್ಲಿ ನೀರು ತುಳುಕುತ್ತಿತ್ತು. ನಮ್ಮ ಜೊತೆ ಕ್ಯಾಮೆರಾ ಹಿಡಿದ ಠಾಣೆಯ ನಾಲ್ಕು ಹುಡುಗರಿದ್ದರು. ಕೆಸರುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ದಾಟಿ ದೋಣಿ ತಿರುಗಿದ್ದೇ, ಗೆರೆ ಗೆರೆಯಾಗಿ ಉಳಿಯಲಿಲ್ಲ. ಒಂದೊಂದು ಕತ್ತು, ಒಂದೊಂದು ಬಾಗಿದ ಕೊಕ್ಕು, ಕಡ್ಡಿಕಾಲು. ಏನಕ್ಕೋ ಬೆದರಿ ಅಷ್ಟೂ ಒಟ್ಟಿಗೆ ಎದ್ದಾಗ ರೆಕ್ಕೆಯೊಳಗಿನ ಕೆಂಪು ಆಕಾಶಕ್ಕೆಲ್ಲ ಹಬ್ಬಿತು. ಅಕ್ಕ ಬಾಯಿ ಬಿಟ್ಟು ನೋಡುತ್ತಿದ್ದಳು. ನಾನು ಅಷ್ಟು ಸಂತೋಷಪಟ್ಟು ಎಷ್ಟು ಕಾಲವಾಗಿತ್ತೋ.

ಆಗ ಭಾವನವರು ಎದ್ದು ನಿಂತು, ದೋಣಿ ತಿರುಗಿಸಿ ಎಂದು ದೋಣಿಯವರಿಗೆ ಕೈಸನ್ನೆ ಮಾಡಿದರು. "ಭಾವೂ, ಪರತ್ ಘ್ಯಾ. ಮಲಾ ಅರ್ಜೆಂಟ್ ಆಹೇ."

ಹುಡುಗರೆಲ್ಲ ಕ್ಯಾಮೆರಾ ಇಳಿಸಿದರು. ಒಬ್ಬ, "ಕ್ಯಾ ಅಂಕಲ್, ಘರ್ ಸೇ ಕರ್‌ಕೇ ಆನಾ ಥಾ ನಾ" ಎಂದು, ಮನೆಯಲ್ಲೇ ಮುಗಿಸಿ ಬರಬೇಕಿತ್ತೆಂದು ಛೇಡಿಸಿದ. ಉಳಿದವರು ನಕ್ಕರು. ನಾಚಿಕೆಯಿಂದ ನನಗೆ ನೀರಿಗೆ ಹಾರಿಬಿಡಬೇಕು ಅನಿಸಿತು. ಭಾವನವರೂ ಅವರ ಜೊತೆ ನಕ್ಕು, "ಸಾರಿ ಬೇಟಾ, ಶುಗರ್ ಹೈ" ಎಂದರು.

ಜೆಟ್ಟಿ ಮುಟ್ಟಿದ್ದೇ ಮೊದಲು ಇಳಿದದ್ದು ಅಕ್ಕ. ಕಾಲುನೋವಿನ ಅಕ್ಕ ನಮ್ಮೆಲ್ಲರನ್ನೂ ಹಿಂದೆ ಹಾಕಿ ಬಿರಬಿರನೆ ನಡೆದು ಹೆಂಗಸರ ಬಾತ್‌ರೂಮ್ ಸೇರಿಕೊಂಡಳು. ಭಾವನವರು ಅವಳ ಬ್ಯಾಗು ಹಿಡಿದು ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತರು.

"ಭಾವ, ಗಂಡಸರದ್ದು ಆ ಕಡೆ, ಖಾಲಿ ಇದೆ" ಎಂದೆ.

"ನಂಗೇನಯ್ಯ ಆಗಿದೆ?" ಎಂದುಬಿಟ್ಟರು. ಅಂದ ಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಆಪರೇಷನ್ ಆದ್ಮೇಲೆ ಅವಳಿಗೆ ತಡ್ಕೊಳೋಕೆ ಆಗಲ್ಲ. ಆ ಮದುವೆಮನೇಲಿ ಬಾಗಿಲಲ್ಲೇ ಕೇಳಿದ್ರೂ ಹುಡುಕೋದು ತಡವಾಗಿ ಸೀರೆ ಒದ್ದೆ ಆಯ್ತು. ಡಾಕ್ಟರು ವ್ಯಾಯಾಮ ಹೇಳಿದಾರೆ, ನಿಧಾನಕ್ಕೆ ಸರಿ ಹೋಗತ್ತಂತೆ. ಅಲ್ಲೀವರೆಗೂ ನನ್ನ ನೋಡಿ ನಗಲಿ ಬಿಡು. ನಿನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ."

ನಾನು ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಅಕ್ಕ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು. ಮುಖ ಇನ್ನೂ ಅರಳಿಕೊಂಡೇ ಇತ್ತು.

"ಅಷ್ಟೂ ಒಂದೇ ಸಲ ಎದ್ದವಲ್ಲ ರೀ, ನೋಡಿದ್ರಾ?"

"ಎಲ್ಲಿ ನೋಡಿದೆ. ನಿನ್ನ ಮುಖ ನೋಡೋದೇ ಆಯ್ತು" ಎಂದು ಭಾವನವರು ಬ್ಯಾಗು ಕೊಟ್ಟರು.

ಅಕ್ಕ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನೀರಿನ ಕಡೆ ತಿರುಗಿದಳು. "ಹಾಗಾದ್ರೆ ಆ ದೋಣಿಯವರನ್ನ ಕೇಳಿ, ಮುಂದಿನ ಭರ್ತಿ ಯಾವತ್ತು ಅಂತ. ನೀವೂ ಒಂದ್ಸಲ ನೋಡುವಿರಂತೆ."